ಪಾದದ ಕಮಾನು ಮತ್ತು ಆಟದ ಹೊಡೆತ

ಹೊಳೆಯ ದಡದ ಒದ್ದೆ ಮರಳಿನ ಮೇಲೆ ಮೂವರು ಬರಿಗಾಲಿನಲ್ಲಿ ನಡೆದುಹೋದರೆ ಮೂರು ಬಗೆಯ ಹೆಜ್ಜೆಯ ಗುರುತುಗಳು ಮೂಡಬಹುದು. ಒಬ್ಬನ ಗುರುತಿನಲ್ಲಿ ಹಿಮ್ಮಡಿಯನ್ನೂ ಬೆರಳುಗಳ ಬುಡವನ್ನೂ ಕೂಡಿಸುವ ಪಟ್ಟಿಯೊಂದು ಹೊರ ಅಂಚಿನಲ್ಲಿ ಕಾಣುತ್ತದೆ. ಒಳಬದಿಯ ಮರಳನ್ನು ಕಾಲು ಮುಟ್ಟಿಯೇ ಇರುವುದಿಲ್ಲ. ಇನ್ನೊಬ್ಬನದರಲ್ಲಿ ಆ ಪಟ್ಟಿಯೂ ಮಾಯವಾಗಿ, ಹಿಮ್ಮಡಿ ಮತ್ತು ಮುಂಗಾಲು ಎರಡು ದ್ವೀಪಗಳಂತೆ ಬೇರೆಬೇರೆಯಾಗಿ ತೋರುತ್ತವೆ. ಮೂರನೆಯವನದರಲ್ಲಿ ಇಡೀ ಅಂಗಾಲು ಇಟ್ಟಿಗೆಯ ಅಚ್ಚಿನಂತೆ ಪೂರ್ತಿಯಾಗಿ ಒತ್ತಿರುತ್ತದೆ. ಮೊದಲನೆಯದು ಸಾಧಾರಣ ಕಮಾನಿನ ಪಾದ, ಎರಡನೆಯದು ಎತ್ತರದ ಕಮಾನಿನ ಪಾದ, ಮೂರನೆಯದು ಚಪ್ಪಟೆ ಪಾದ.

ಈ ಮೂರರ ವಿಷಯದಲ್ಲಿ ಜನರಲ್ಲಿ ಎರಡು ನಂಬಿಕೆಗಳು ಪ್ರಚಲಿತವಾಗಿವೆ. ಓಡಿ, ನೆಗೆದು, ಧುಮುಕಿ ಆಡುವ ಆಟಗಳಿಂದ ಕಮಾನು ಕುಸಿದು ಪಾದ ಚಪ್ಪಟೆಯಾಗುತ್ತದೆಂಬುದು ಒಂದು. ಚಪ್ಪಟೆ ಪಾದದವರು ಅಂಥ ಆಟಗಳಿಗೆ ಯೋಗ್ಯರಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ನಂಬಿ ಮಕ್ಕಳನ್ನು ಅಂಗಳಕ್ಕೆ ಬಿಡದ ತಾಯಿತಂದೆಗಳುಂಟು. ಎರಡನೆಯದನ್ನು ನಂಬಿ ತಾನಾಗಿಯೇ ಆಟ ಬಿಟ್ಟ ವಿದ್ಯಾರ್ಥಿಗಳೂ ಉಂಟು. ಇವರಿಗೆ ವಿರುದ್ಧವಾಗಿ, ಪಾದದಲ್ಲಿ ನೋವಿದ್ದರೂ ಅಲಕ್ಷಿಸಿ ಆಡುತ್ತಲೇ ಹೋಗಿ ಎಲುಬು ಬಿರುಕುಬಿಟ್ಟ ಮೇಲೆ ವೈದ್ಯರ ಬಳಿಗೆ ಹೋಗುವವರೂ ಇದ್ದಾರೆ. ಹೊಡೆತದ ಆಟಗಳು ಪಾದದ ಆಕಾರವನ್ನು ನಿಜವಾಗಿಯೂ ಬದಲಿಸುತ್ತವೆಯೆ? ಬದಲಿಸುವುದಾದರೆ ಎಷ್ಟರಮಟ್ಟಿಗೆ? ಇದನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಕಂಬಗಳಿಲ್ಲದ ಕಮಾನು

ಮನುಷ್ಯನ ಒಂದೊಂದು ಪಾದದಲ್ಲಿಯೂ ೨೬ ಎಲುಬುಗಳಿವೆ. ಎರಡು ಪಾದಗಳಿಗೂ ಸೇರಿ ೫೨. ದೇಹದಲ್ಲಿರುವ ೨೦೬ ಎಲುಬುಗಳಲ್ಲಿ ಕಾಲು ಭಾಗ ಪಾದಗಳಲ್ಲಿಯೇ ಇವೆಯೆಂದಾಯಿತು. ಈ ಎಲುಬುಗಳು ಮೂರು ಕಮಾನುಗಳಾಗಿ ಜೋಡಿಸಲ್ಪಟ್ಟಿವೆ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಒಳಬದಿಯಲ್ಲಿ ಹಾದುಹೋಗುವುದು ಎತ್ತರವಾದ ಕಮಾನು. ಹೊರಬದಿಯಲ್ಲಿ ಕಿರುಬೆರಳಿನ ಕಡೆಗೆ ಹೋಗುವುದು ತಗ್ಗಾದ ಕಮಾನು. ಮೂರನೆಯದು ಪಾದದ ನಡುವೆ ಅಡ್ಡಲಾಗಿ ಇದೆ.

ಕಲ್ಲಿನ ಸೇತುವೆಯ ಕಮಾನಿನ ಮೇಲೆ ಭಾರ ಬಿದ್ದಾಗ ಅದರ ಎರಡು ಕಾಲುಗಳು ಹೊರಕ್ಕೆ ಸರಿಯಲು ಯತ್ನಿಸುತ್ತವೆ. ಎರಡು ತುದಿಗಳಲ್ಲಿಯೂ ಭದ್ರವಾಗಿ ನೆಟ್ಟ ಕಟ್ಟಡವು ಅವನ್ನು ತಡೆದು ಹಿಡಿಯುತ್ತದೆ. ಆದರೆ ನಮ್ಮ ಪಾದವು ಎಲ್ಲಿಯೂ ನೆಟ್ಟದ್ದಲ್ಲ. ಪ್ರತಿ ಹೆಜ್ಜೆಗೂ ಎದ್ದು ಬೇರೆಡೆಗೆ ಹೋಗಿ ಇಳಿಯುವಂಥದು. ಅದರ ಕಮಾನು ಹರಡಿಹೋಗದಂತೆ ತಡೆಯುವುದು ಯಾವುದು?

ಇದಕ್ಕೆ ಉತ್ತರವನ್ನು ಬಿಲ್ಲಿನಲ್ಲಿ ಕಾಣಬಹುದು. ಬಿಲ್ಲಿನ ಬಾಗು ನಿಲ್ಲುವುದು ಹೆದೆಯ ಬಲದಿಂದ. ಹಿಮ್ಮಡಿಯ ಎಲುಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಗಟ್ಟಿಯಾದ ತಂತುಗಳ ಪಟ್ಟಿಯೊಂದು ಹರಡಿಕೊಂಡಿದೆ. ಇದೇ ಪಾದದ ಹೆದೆ. ಭಾರ ಬಿದ್ದಾಗ ಬಿಲ್ಲು ಸ್ವಲ್ಪ ತಗ್ಗುತ್ತದೆ, ಹೆದೆ ಬಿಗಿಯುತ್ತದೆ. ಭಾರ ತೆಗೆದೊಡನೆ ಎರಡೂ ಮೊದಲಿನಂತಾಗುತ್ತವೆ. ಈ ಪಟ್ಟಿಗೆ ನೆರವಾಗಿ ಎಲುಬಿನಿಂದ ಎಲುಬಿಗೆ ಕಟ್ಟಿದ ಅಸ್ಥಿರಜ್ಜುಗಳೂ, ಪಾದದೊಳಗಿನ ಸಣ್ಣ ಸ್ನಾಯುಗಳೂ, ಕಣಕಾಲಿನಿಂದ ಇಳಿದುಬರುವ ಸ್ನಾಯುಗಳ ರಜ್ಜುಗಳೂ ಇವೆ.

೧೯೫೪ರಲ್ಲಿ ಇಂಗ್ಲೆಂಡಿನ ಜೆ. ಎಚ್. ಹಿಕ್ಸ್ ಎಂಬವರು ಈ ಹೆದೆಯ ಇನ್ನೊಂದು ಚಮತ್ಕಾರವನ್ನು ವಿವರಿಸಿದರು. ನೀವು ನಿಂತಲ್ಲಿಯೇ ನಿಂತು, ನಿಮ್ಮ ಹೆಬ್ಬೆರಳನ್ನು ಇನ್ನೊಬ್ಬರಿಂದ ಮೇಲಕ್ಕೆ ಎತ್ತಿಸಿ ನೋಡಿರಿ. ಪಾದದ ಒಳಬದಿಯ ಕಮಾನು ತಾನಾಗಿ ಮೇಲೇಳುತ್ತದೆ. ಬಾವಿಯ ರಾಟೆಗೆ ಹಗ್ಗ ಸುತ್ತಿಕೊಳ್ಳುವಂತೆ, ಬೆರಳು ಎದ್ದಾಗ ತಂತುಪಟ್ಟಿಯು ಬೆರಳಿನ ಬುಡದ ಕೀಲಿಗೆ ಸುತ್ತಿಕೊಳ್ಳುತ್ತದೆ. ಹಗ್ಗ ಗಿಡ್ಡವಾದ ಹಾಗೆಲ್ಲ ಕಮಾನಿನ ಎರಡು ತುದಿಗಳು ಹತ್ತಿರವಾಗುತ್ತವೆ. ಓಡುವಾಗ ಹಿಮ್ಮಡಿ ಎದ್ದು ಮುಂಗಾಲಿನಿಂದ ನೆಲವನ್ನು ಒದೆಯುವ ಕ್ಷಣದಲ್ಲಿ ಪಾದವು ಮೆತುವಾಗಿರದೆ ಸನ್ನೆಗೋಲಿನಂತೆ ಬಿಗಿಯಾಗುವುದು ಹೀಗೆ.

ಅಡ್ಡ ಕಮಾನಿನ ಪ್ರಯೋಜನವನ್ನು ಬಹುಕಾಲ ಯಾರೂ ಸರಿಯಾಗಿ ಗಮನಿಸಿರಲಿಲ್ಲ. ಅಡಕೆಯ ಹಾಳೆಯ ಒಂದು ತುಂಡನ್ನು ನೆನೆಸಿ ಚಪ್ಪಟೆಮಾಡಿ ಒಂದು ತುದಿಯಲ್ಲಿ ಹಿಡಿದರೆ ಅದು ಜೋತುಬೀಳುತ್ತದೆ. ಅದೇ ಹಾಳೆಯನ್ನು ಅಡ್ಡಲಾಗಿ ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಕಾಗದದ ನೋಟಿನಿಂದಲೂ ಈ ಪರೀಕ್ಷೆಯನ್ನು ಮಾಡಬಹುದು. ಪಾದದಲ್ಲಿಯೂ ಇದೇ ತತ್ತ್ವ ಕೆಲಸಮಾಡುತ್ತದೆಂದು ೨೦೨೦ರಲ್ಲಿ ಮಧುಸೂದನ್ ವೆಂಕಟೇಶನ್, ಶ್ರೇಯಸ್ ಮಾಂದ್ರೆ, ಮಹೇಶ್ ಬಂಡಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಪಾದದ ಉದ್ದದ ಬಿಗಿತದಲ್ಲಿ ಶೇಕಡ ೪೦ಕ್ಕಿಂತ ಹೆಚ್ಚು ಪಾಲು ಅಡ್ಡ ಕಮಾನಿನಿಂದ ಬರುತ್ತದೆಂದು ಅವರ ಪ್ರಯೋಗಗಳಿಂದ ತಿಳಿಯಿತು. ಹೆಜ್ಜೆಯ ಗುರುತಿನಲ್ಲಿ ಕಾಣುವುದು ಒಳಬದಿಯ ಕಮಾನಿನ ಎತ್ತರ ಮಾತ್ರ. ಪಾದದ ಬಲವನ್ನು ಅದೊಂದರಿಂದಲೇ ಅಳೆಯಲಾಗದೆಂಬುದನ್ನು ಇಲ್ಲಿ ಮನಸ್ಸಿನಲ್ಲಿಡಬೇಕು.

ಹೊಡೆತದ ಲೆಕ್ಕ

ಆಟದಲ್ಲಿ ಪಾದದ ಮೇಲೆ ಬೀಳುವ ಬಲವೆಷ್ಟು? ನ್ಯೂಟನ್ನನ ನಿಯಮಗಳನ್ನು ಓದಿದ ವಿದ್ಯಾರ್ಥಿಯು ಇದನ್ನು ತಾನೇ ಲೆಕ್ಕಹಾಕಬಹುದು.

೫೦ ಕಿಲೋಗ್ರಾಂ ತೂಕದ ವಾಲಿಬಾಲ್ ಆಟಗಾರ್ತಿಯೊಬ್ಬಳು ೪೫ ಸೆಂಟಿಮೀಟರ್ ಎತ್ತರಕ್ಕೆ ನೆಗೆದು ಇಳಿಯುತ್ತಾಳೆಂದು ಭಾವಿಸೋಣ. ನೆಲ ಮುಟ್ಟುವಾಗ ಅವಳ ವೇಗ ಸೆಕೆಂಡಿಗೆ ಸುಮಾರು ೩ ಮೀಟರು. ಸಂವೇಗ ೧೫೦ ಏಕಮಾನ. ಈ ಸಂವೇಗವೆಲ್ಲವೂ ಶೂನ್ಯವಾಗಬೇಕು. ಮಂಡಿಯನ್ನು ಮಡಿಸದೆ ಕಾಲನ್ನು ಸೆಟೆದು ಇಳಿದರೆ ೦.೦೫ ಸೆಕೆಂಡಿನಲ್ಲಿ ದೇಹ ನಿಂತುಬಿಡಬಹುದು. ಆಗ ಸರಾಸರಿ ಬಲ ೩,೦೦೦ ನ್ಯೂಟನ್. ಇದಕ್ಕೆ ಅವಳ ತೂಕವಾದ ಸುಮಾರು ೫೦೦ ನ್ಯೂಟನ್ನನ್ನು ಕೂಡಿಸಿದರೆ ನೆಲವು ಮೇಲಕ್ಕೆ ಒತ್ತುವ ಬಲ ೩,೫೦೦ ನ್ಯೂಟನ್. ಎಂದರೆ ದೇಹದ ತೂಕದ ಏಳು ಪಟ್ಟು! ಅದೇ ಆಟಗಾರ್ತಿಯು ಮೊದಲು ಮುಂಗಾಲನ್ನು ಊರಿ, ಮಂಡಿ ಸೊಂಟಗಳನ್ನು ಮಡಿಸುತ್ತ ೦.೧೫ ಸೆಕೆಂಡಿನಲ್ಲಿ ಇಳಿದರೆ ಬಲ ೧,೫೦೦ ನ್ಯೂಟನ್ನಿಗೆ, ಎಂದರೆ ತೂಕದ ಮೂರು ಪಟ್ಟಿಗೆ ತಗ್ಗುತ್ತದೆ. ಎತ್ತರ ಅದೇ, ತೂಕ ಅದೇ. ಸೆಕೆಂಡಿನ ಹತ್ತನೆಯ ಒಂದು ಭಾಗದ ವ್ಯತ್ಯಾಸದಿಂದ ಹೊಡೆತ ಅರ್ಧಕ್ಕಿಂತ ಕಡಮೆಯಾಯಿತು. ಎತ್ತರದಿಂದ ಬರುವ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಇದೇ ಕಾರಣಕ್ಕೆ.

ನಡೆಯುವಾಗ ಪಾದದ ಮೇಲೆ ಬೀಳುವ ಬಲವು ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಡುವಾಗ ಅದು ಎರಡರಿಂದ ಮೂರು ಪಟ್ಟಾಗುತ್ತದೆ. ವೇಗದ ಬೌಲರನು ಚೆಂಡನ್ನು ಎಸೆಯುವ ಮುನ್ನ ಮುಂದಿನ ಕಾಲನ್ನು ಅಪ್ಪಳಿಸಿದಾಗ ಐದಾರು ಪಟ್ಟು ಬಲ ಬೀಳುವುದು ಸಾಮಾನ್ಯ. ತ್ರಿವಿಧ ಜಿಗಿತದಲ್ಲಿ ಇದು ಹತ್ತು ಪಟ್ಟನ್ನೂ ಮೀರುತ್ತದೆ. ಇದು ಒಂದು ಸಲದ ಮಾತಲ್ಲ. ಮೀಟರಿಗೊಂದು ಹೆಜ್ಜೆಯಂತೆ ೧೦ ಕಿಲೋಮೀಟರ್ ಓಡುವವನ ಒಂದೊಂದು ಪಾದವೂ ೫,೦೦೦ ಸಲ ನೆಲಕ್ಕೆ ಬಡಿಯುತ್ತದೆ.

ಈ ಹೊಡೆತಗಳಲ್ಲಿ ಕಮಾನು ಬರಿಯ ಭಾರ ಹೊರುವ ಕೂಲಿಯಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಆರ್. ಮೆಕ್ನೀಲ್ ಅಲೆಗ್ಸಾಂಡರ್ ಮತ್ತು ಅವರ ಸಂಗಡಿಗರು ಚಿಕಿತ್ಸೆಗಾಗಿ ಕತ್ತರಿಸಬೇಕಾಗಿ ಬಂದ ಪಾದಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿ, ೧೯೮೭ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ೭೦ ಕಿಲೋಗ್ರಾಂ ತೂಕದವನು ಸೆಕೆಂಡಿಗೆ ೪.೫ ಮೀಟರು ವೇಗದಲ್ಲಿ ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಅವನ ದೇಹವು ಸುಮಾರು ೧೦೦ ಜೂಲ್ ಶಕ್ತಿಯನ್ನು ಕಳೆದುಕೊಂಡು ಮತ್ತೆ ಪಡೆಯುತ್ತದೆ. ಇದರಲ್ಲಿ ಸುಮಾರು ೩೫ ಜೂಲನ್ನು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವೂ, ೧೭ ಜೂಲನ್ನು ಪಾದದ ಕಮಾನೂ ಹಿಗ್ಗಿ ಸಂಗ್ರಹಿಸಿಟ್ಟು, ಬಹುಪಾಲನ್ನು ಹಿಂದಿರುಗಿಸುತ್ತವೆ. ಹೆಜ್ಜೆಹೆಜ್ಜೆಗೂ ಕಮಾನು ತಗ್ಗುವುದು ಸೋಲಿನ ಗುರುತಲ್ಲ. ಅದು ಸ್ಪ್ರಿಂಗಿನ ಕೆಲಸ. ತಗ್ಗಲಾರದ ಕಮಾನು ಒಳ್ಳೆಯ ಕಮಾನಲ್ಲ.

ಆಕಾರ ನಿಶ್ಚಯವಾಗುವುದು ಯಾವಾಗ?

ಹುಟ್ಟಿದ ಕೂಸುಗಳ ಪಾದಗಳೆಲ್ಲ ನೋಡಲು ಚಪ್ಪಟೆಯೇ. ಅಂಗಾಲಿನ ಕೆಳಗೆ ಕೊಬ್ಬಿನ ಮೆತ್ತೆಯಿರುತ್ತದೆ, ಕಟ್ಟುಗಳು ಸಡಿಲವಾಗಿರುತ್ತವೆ. ಮಗು ನಡೆಯಲು ಕಲಿತ ಮೇಲೆ, ಹತ್ತು ವರ್ಷ ತುಂಬುವುದರೊಳಗಾಗಿ, ಬಹುಮಂದಿಯಲ್ಲಿ ಕಮಾನು ರೂಪುಗೊಳ್ಳುತ್ತದೆ. ಕಮಾನಿನ ಎತ್ತರವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಂಶಗುಣ ಮತ್ತು ಈ ಎಳೆಯ ವಯಸ್ಸಿನ ಬೆಳವಣಿಗೆ.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಇಂದಿಗೂ ಉದಾಹರಿಸಲ್ಪಡುವ ಒಂದು ಸಮೀಕ್ಷೆ ನಮ್ಮ ನಾಡಿನದು. ಕರ್ನಾಟಕದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ವೈದ್ಯರು ೪ರಿಂದ ೧೩ ವರ್ಷದ ೨,೩೦೦ ಮಕ್ಕಳ ಹೆಜ್ಜೆಯ ಗುರುತುಗಳನ್ನು ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ೧೯೯೨ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇಕಡ ೮.೬ ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ ಶೇಕಡ ೨.೮ ಮಂದಿಗೆ ಮಾತ್ರ. ೧೯೯೫ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಎಲುಬಿನ ಬೆಳವಣಿಗೆ ಮುಗಿದ ೧,೮೪೬ ಮಂದಿಯನ್ನು ನೋಡಿದಾಗ, ಎಳೆಯ ವಯಸ್ಸಿನಲ್ಲಿಯೇ ಬೂಟು ಹಾಕಲು ತೊಡಗಿದವರಲ್ಲಿ ಚಪ್ಪಟೆ ಪಾದ ಹೆಚ್ಚೆಂದು ಕಂಡುಬಂತು.

ಬರಿಗಾಲಿನ ಮಕ್ಕಳು ಓಡದೆ ನೆಗೆಯದೆ ಕುಳಿತವರಲ್ಲ. ಅವರ ಪಾದಗಳಿಗೆ ಮೆತ್ತೆಯ ರಕ್ಷಣೆಯೂ ಇರಲಿಲ್ಲ. ಹೊಡೆತವೇ ಕಮಾನನ್ನು ಕೆಡವುವುದಾಗಿದ್ದರೆ ಅವರಲ್ಲಿಯೇ ಚಪ್ಪಟೆ ಪಾದ ಹೆಚ್ಚಾಗಿರಬೇಕಾಗಿತ್ತು. ಹಾಗಾಗಲಿಲ್ಲ. ಮಕ್ಕಳು ಆಡಿದರೆ ಪಾದ ಕೆಡುವುದೆಂಬ ಭಯಕ್ಕೆ ಈ ಸಮೀಕ್ಷೆಗಳು ಪುಷ್ಟಿ ಕೊಡುವುದಿಲ್ಲ.

ಆಟದಿಂದ ಬದಲಾಗುವುದೇನು?

ಹಾಗಾದರೆ ಆಟವು ಪಾದವನ್ನು ಮುಟ್ಟುವುದೇ ಇಲ್ಲವೆ? ಮುಟ್ಟುತ್ತದೆ. ಈ ಬದಲಾವಣೆಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು ತಾತ್ಕಾಲಿಕ ಕುಸಿತ. ಮ್ಯಾರಥಾನ್ ಓಡಿದ ಕಾಲೇಜು ವಿದ್ಯಾರ್ಥಿಗಳ ಪಾದಗಳನ್ನು ಜಪಾನಿನ ಸಂಶೋಧಕರು ಓಟಕ್ಕೆ ಮುಂಚೆಯೂ ಅನಂತರದ ದಿನಗಳಲ್ಲಿಯೂ ಅಳೆದು ೨೦೧೮ರಲ್ಲಿ ವರದಿಮಾಡಿದರು. ಓಟದ ಬಳಿಕ ಕಮಾನು ತಗ್ಗಿತ್ತು; ಒಂದು ವಾರ ಕಳೆದರೂ ಅದು ಪೂರ್ತಿಯಾಗಿ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ದಣಿದ ಸ್ನಾಯುಗಳು ಕಮಾನಿಗೆ ಆಸರೆ ಕೊಡಲಾರದೆ ಹೋದಾಗ ಭಾರವೆಲ್ಲ ತಂತುಪಟ್ಟಿಯ ಮೇಲೂ ಅಸ್ಥಿರಜ್ಜುಗಳ ಮೇಲೂ ಬೀಳುತ್ತದೆ. ಕಠಿಣ ಪಂದ್ಯದ ಮರುದಿನ ಪಾದವು ಹಳೆಯ ಪಾದವಲ್ಲವೆಂದು ತಿಳಿಯಬೇಕು.

ಎರಡನೆಯದು ಸ್ನಾಯುಗಳ ಬೆಳವಣಿಗೆ. ಮೆಕ್ಸಿಕೋ ದೇಶದ ಬೆಟ್ಟಸೀಮೆಯ ತರಾಹುಮಾರಾ ಜನರು ತೆಳುವಾದ ಚಪ್ಪಲಿ ಮೆಟ್ಟಿ ಬಹುದೂರ ಓಡುವುದರಲ್ಲಿ ಪ್ರಸಿದ್ಧರು. ೨೦೧೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅವರ ಪಾದಗಳನ್ನು ಮೆತ್ತೆಯ ಬೂಟು ಧರಿಸುವ ಅಮೆರಿಕದ ನಗರವಾಸಿಗಳ ಪಾದಗಳೊಡನೆ ಹೋಲಿಸಿದಾಗ, ತರಾಹುಮಾರಾ ಜನರ ಪಾದದೊಳಗಿನ ಸ್ನಾಯುಗಳು ದೊಡ್ಡವಾಗಿಯೂ ಕಮಾನುಗಳು ಹೆಚ್ಚು ಬಿಗಿಯಾಗಿಯೂ ಇದ್ದುದು ಕಂಡುಬಂತು.

ಮೂರನೆಯದು ಎಲುಬಿನ ಗಟ್ಟಿತನ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿಯೇ ಪ್ರತಿಪಾದಿಸಿದ್ದನು. ಟೆನ್ನಿಸ್ ಆಟಗಾರರ ರ‍್ಯಾಕೆಟ್ಟು ಹಿಡಿಯುವ ತೋಳಿನ ಎಲುಬು ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುವುದು ಇದಕ್ಕೆ ಸಾಕ್ಷಿ. ನೆಗೆಯುವವರ ಹಿಮ್ಮಡಿ, ಕಣಕಾಲುಗಳ ಎಲುಬುಗಳೂ ಹಾಗೆಯೇ ಗಟ್ಟಿಯಾಗುತ್ತವೆ.

ಆದರೆ ಈ ಮೂರರಲ್ಲಿ ಯಾವುದೂ ಚಪ್ಪಟೆ ಪಾದವನ್ನು ಎತ್ತರದ ಕಮಾನಾಗಿ ಮಾಡುವಂಥದಲ್ಲ, ಎತ್ತರದ ಕಮಾನನ್ನು ಶಾಶ್ವತವಾಗಿ ಚಪ್ಪಟೆಮಾಡುವಂಥದೂ ಅಲ್ಲ. ಒಂದೊಂದು ಆಟದವರ ಪಾದಗಳನ್ನು ಅಳೆದರೆ ಸ್ವಲ್ಪ ವ್ಯತ್ಯಾಸ ಕಾಣಬಹುದು. ಅದರಿಂದ ಆಟವೇ ಕಾರಣವೆಂದು ತೀರ್ಮಾನಿಸಲಾಗದು. ಬ್ಯಾಸ್ಕೆಟ್‌ಬಾಲ್ ಆಟಗಾರರು ಎತ್ತರವಾಗಿರುವುದು ನಿಜ. ಆ ಆಟ ಆಡಿದ್ದರಿಂದ ಎತ್ತರವಾದರೆಂದು ಯಾರೂ ಹೇಳುವುದಿಲ್ಲ. ತಕ್ಕ ದೇಹ ತಕ್ಕ ಆಟವನ್ನು ಸೇರಿಕೊಳ್ಳುವುದೂ ಉಂಟು.

ದುರಸ್ತಿಗೆ ಬೇಕಾದ ಕಾಲ

ಎಲುಬು ಗಟ್ಟಿಯಾಗುವ ರೀತಿಯಲ್ಲಿಯೇ ಒಂದು ಅಪಾಯ ಅಡಗಿದೆ. ಹಳೆಯ ಗೋಡೆಯನ್ನು ಭದ್ರಪಡಿಸುವವರು ಸಡಿಲವಾದ ಕಲ್ಲುಗಳನ್ನು ಮೊದಲು ಕೀಳುತ್ತಾರೆ, ಆಮೇಲೆ ಹೊಸ ಕಲ್ಲು ಕೂರಿಸುತ್ತಾರೆ. ಎಲುಬೂ ಹಾಗೆಯೇ. ಹೊಡೆತದಿಂದ ಸೂಕ್ಷ್ಮವಾಗಿ ಬಿರಿದ ಭಾಗವನ್ನು ಕೆಲವು ಜೀವಕೋಶಗಳು ಕರಗಿಸಿ ತೆಗೆಯುತ್ತವೆ. ಬೇರೆ ಜೀವಕೋಶಗಳು ಹೊಸ ಎಲುಬನ್ನು ತುಂಬುತ್ತವೆ. ಕೀಳುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಈ ನಡುವಿನ ಕಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲ. ಅದೇ ಸಮಯದಲ್ಲಿ ಅಭ್ಯಾಸವನ್ನು ಇಮ್ಮಡಿ ಮಾಡಿದರೆ ಬಿರುಕು ದೊಡ್ಡದಾಗುತ್ತದೆ.

೧೮೫೫ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯದ ಸೇನಾವೈದ್ಯನು, ದೂರ ನಡೆದ ಸೈನಿಕರ ಪಾದಗಳು ಬಾತು ನೋಯುವುದನ್ನು ಬಣ್ಣಿಸಿದನು. ಕ್ಷ-ಕಿರಣಗಳು ತಿಳಿದ ಮೇಲೆ ಅದು ಬೆರಳುಗಳ ಹಿಂದಿನ ನೀಳವಾದ ಎಲುಬುಗಳ ಬಿರುಕೆಂದು ಗೊತ್ತಾಯಿತು. ಇಂದು ಇದೇ ತೊಂದರೆ ಓಟಗಾರರಲ್ಲಿಯೂ ನರ್ತಕಿಯರಲ್ಲಿಯೂ ಕಾಣುತ್ತದೆ. ಹೊಟ್ಟೆತುಂಬ ಉಣ್ಣದೆ ಕಠಿಣವಾಗಿ ಅಭ್ಯಾಸಮಾಡುವ ಹುಡುಗಿಯರಲ್ಲಿ ಇದರ ಭಯ ಹೆಚ್ಚು. ಹೊಸ ಎಲುಬು ಕಟ್ಟಲು ಸಾಮಗ್ರಿ ಬೇಕಲ್ಲವೆ?

ಇನ್ನು ಚಪ್ಪಟೆ ಪಾದದವರು ಅಯೋಗ್ಯರೆಂಬ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡದ ಹ್ಯಾರಿಸ್ ಮತ್ತು ಬೀತ್ ಎಂಬ ವೈದ್ಯರು ೩,೬೦೦ಕ್ಕೂ ಹೆಚ್ಚು ಸೈನಿಕರ ಪಾದಗಳನ್ನು ಪರೀಕ್ಷಿಸಿ, ೧೯೪೭ರಲ್ಲಿ ವರದಿಯನ್ನು ಹೊರತಂದರು. ಕಮಾನು ತಗ್ಗಾಗಿದ್ದರೂ ಪಾದವು ಬಳುಕುವಂತಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿದ್ದರೆ ಅಥವಾ ಪಾದ ಸೆಟೆದುಕೊಂಡಿದ್ದರೆ ಮಾತ್ರ ತೊಂದರೆಯೆಂದು ಅವರು ಕಂಡುಕೊಂಡರು. ೧೯೯೩ರಲ್ಲಿ ಅಮೆರಿಕದ ಸೇನೆಯ ೨೪೬ ಮಂದಿ ಹೊಸ ಪದಾತಿಗಳನ್ನು ೧೨ ವಾರಗಳ ತರಬೇತಿಯಲ್ಲಿ ಗಮನಿಸಿದ ವರದಿ ಪ್ರಕಟವಾಯಿತು. ಅತಿ ಚಪ್ಪಟೆಯಾದ ಪಾದದವರಿಗೇ ಪೆಟ್ಟುಗಳು ಎಲ್ಲರಿಗಿಂತ ಕಡಮೆ. ಎತ್ತರದ ಕಮಾನಿನವರಿಗೆ ಹೆಚ್ಚು! ಎತ್ತರದ ಕಮಾನು ಸಾಮಾನ್ಯವಾಗಿ ಬಿಗಿಯಾಗಿದ್ದು ಕಡಮೆ ತಗ್ಗುತ್ತದೆ. ಹೊಡೆತವನ್ನು ಹೀರುವ ಕಾಲಾವಧಿ ಗಿಡ್ಡವಾದಷ್ಟೂ ಬಲ ಹೆಚ್ಚೆಂಬುದನ್ನು ಮೇಲಿನ ಲೆಕ್ಕದಲ್ಲಿ ಕಂಡಿದ್ದೇವೆ.

ಬರಿಗಾಲೇ, ಬೂಟೇ?

೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿ, ಫ್ರಾನ್ಸಿನಂಥ ತಂಡಕ್ಕೆ ಕೇವಲ ೧-೨ ಗೋಲುಗಳಿಂದ ಸೋತರು. ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್ ಆ ತಂಡದಲ್ಲಿದ್ದರು. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಕ್ಕೆ ೧-೧೦ ಗೋಲುಗಳಿಂದ ಸೋತ ಮೇಲೆ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಇಥಿಯೋಪಿಯದ ಅಬೆಬೆ ಬಿಕಿಲ ೧೯೬೦ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಿಂದ ಮ್ಯಾರಥಾನ್ ಗೆದ್ದನು; ೧೯೬೪ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು ಮತ್ತೆ ಗೆದ್ದನು. ಆದುದರಿಂದ ಗೆಲವು ಸೋಲುಗಳನ್ನು ಪಾದರಕ್ಷೆಯ ತಲೆಗೆ ಕಟ್ಟುವುದು ಸಲ್ಲದು.

೨೦೧೦ರಲ್ಲಿ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಿಂದ ಒಂದು ಅಂಶ ಸ್ಪಷ್ಟವಾಯಿತು. ಬರಿಗಾಲಿನಲ್ಲಿ ಓಡಿ ರೂಢಿಯಿದ್ದವರು ಹೆಚ್ಚಾಗಿ ಮುಂಗಾಲನ್ನು ಮೊದಲು ಊರುತ್ತಾರೆ. ಹಾಗೆ ಊರಿದಾಗ ಹಿಮ್ಮಡಿ ಬಡಿಯುವ ಮೊದಲ ತೀಕ್ಷ್ಣವಾದ ಹೊಡೆತ ಇರುವುದಿಲ್ಲ. ಹಾಗೆಂದು ಹುಟ್ಟಿನಿಂದ ಬೂಟು ಹಾಕಿದವನು ಒಂದೇ ದಿನದಲ್ಲಿ ಅದನ್ನು ಬಿಸುಟು ಡಾಂಬರು ರಸ್ತೆಯ ಮೇಲೆ ಓಡತೊಡಗಿದರೆ ಅವನ ಪಾದದ ಎಲುಬುಗಳಿಗೆ ಹೊಂದಿಕೊಳ್ಳಲು ಕಾಲವೆಲ್ಲಿ? ಬದಲಾವಣೆ ಯಾವುದಾದರೂ ಮೆಲ್ಲಮೆಲ್ಲನೆ ಆಗಬೇಕು.

ನಿಮ್ಮ ಪಾದವನ್ನು ನೀವೇ ನೋಡಿಕೊಳ್ಳಿರಿ

ಪಾದವನ್ನು ನೀರಿನಲ್ಲಿ ಅದ್ದಿ ಹಳೆಯ ವೃತ್ತಪತ್ರಿಕೆಯ ಮೇಲೆ ನಿಂತರೆ ನಿಮ್ಮ ಕಮಾನಿನ ಬಗೆ ತಿಳಿಯುತ್ತದೆ. ಗುರುತು ಚಪ್ಪಟೆಯಾಗಿ ಬಂದರೆ ಹೆದರಬೇಡಿರಿ. ತುದಿಗಾಲಿನ ಮೇಲೆ ನಿಂತು ಇನ್ನೊಬ್ಬರಿಂದ ನೋಡಿಸಿರಿ. ಆಗ ಕಮಾನು ಎದ್ದು ಕಂಡರೆ ನಿಮ್ಮದು ಬಳುಕುವ ಪಾದ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ, ಆಟ ಬಿಡುವ ಅಗತ್ಯವಂತೂ ಇಲ್ಲ. ತುದಿಗಾಲಿನಲ್ಲಿಯೂ ಕಮಾನು ಏಳದಿದ್ದರೆ, ಒಂದೇ ಪಾದ ಹೊಸದಾಗಿ ಚಪ್ಪಟೆಯಾಗಿದ್ದರೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಎಲುಬು ನೋಯುತ್ತಿದ್ದರೆ, ಅಥವಾ ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ದಿನವೂ ಚುಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಆಡುತ್ತಾಡುತ್ತ ಸರಿಹೋಗುವುದೆಂದು ಕಾಯಬಾರದು.

ಇದನ್ನು ವ್ಯಾಯಾಮ ಶಿಕ್ಷಕರೂ ಗಮನಿಸಬೇಕು. ವರ್ಷವೆಲ್ಲ ಸುಮ್ಮನಿದ್ದು ಪಂದ್ಯಾಟಕ್ಕೆ ಎರಡು ವಾರವಿರುವಾಗ ಹುಡುಗರನ್ನು ಬೆಳಿಗ್ಗೆ ಸಂಜೆ ಓಡಿಸುವುದು, ಸಿಮೆಂಟಿನ ನೆಲದ ಮೇಲೆ ನೂರಾರು ಸಲ ನೆಗೆಸುವುದು ಎಲುಬಿನ ಸ್ವಭಾವಕ್ಕೆ ವಿರುದ್ಧ. ಇಳಿಯುವಾಗ ಮಂಡಿ ಮಡಿಸುವುದನ್ನು ಮೊದಲು ಕಲಿಸಿ, ಅಭ್ಯಾಸವನ್ನು ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಏರಿಸಿ, ನಡುನಡುವೆ ವಿಶ್ರಾಂತಿ ಕೊಟ್ಟರೆ ಹೊಡೆತವೇ ಪಾದಕ್ಕೆ ಆಹಾರವಾಗುತ್ತದೆ. ಕಮಾನಿನ ಎತ್ತರ ನಮಗೆ ಬಂದದ್ದು. ಅದರ ಬಲ ನಾವು ಗಳಿಸಿಕೊಳ್ಳುವುದು. ಯಾವ ವಿದ್ಯಾರ್ಥಿಯನ್ನೂ ಅವನ ಹೆಜ್ಜೆಯ ಗುರುತು ನೋಡಿ ಅಂಗಳದಿಂದ ಹೊರಗೆ ಕಳುಹಿಸಬಾರದು. ಯಾವ ವಿದ್ಯಾರ್ಥಿಯನ್ನೂ ಅವನ ನೋವು ಕೇಳಿದ ಮೇಲೆ ಅಂಗಳದಲ್ಲಿ ಉಳಿಸಿಕೊಳ್ಳಬಾರದು.